ಹುಟ್ಟುಗುಣ ಸುಟ್ಟರೂ ಹೋಗದೇ?

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಕುಡಿತ ಬಿಡದ ಗಂಡನ ಬಗ್ಗೆ ಹೆಂಡತಿ ಹೇಳುತ್ತಾಳೆ. ಪುಸ್ತಕ ಮುಟ್ಟದ ಮಗನ ಬಗ್ಗೆ ತಂದೆ ಹೇಳುತ್ತಾನೆ. ಮಾತುಮಾತಿಗೂ ಸಿಡುಕುವ ಸೊಸೆಯ ಬಗ್ಗೆ ಅತ್ತೆ, ಅತ್ತೆಯ ಬಗ್ಗೆ ಸೊಸೆ ಹೇಳುತ್ತಾರೆ. ಎಲ್ಲಕ್ಕಿಂತ ದುಃಖದ ಸಂಗತಿಯೆಂದರೆ ಅನೇಕರು ತಮ್ಮ ಬಗ್ಗೆ ತಾವೇ ಹೀಗೆ ಹೇಳಿಕೊಂಡು ಸುಮ್ಮನಾಗುತ್ತಾರೆ: "ನಾನು ಇರೋದೇ ಹೀಗೆ ಸ್ವಾಮಿ, ಇನ್ನೇನು ಬದಲಾಗ್ತೀನಿ?"

ಗಾದೆಗಳಲ್ಲಿ ಹಿರಿಯರ ಅನುಭವವಿದೆ, ನಿಜ. ಆದರೆ ಈ ಒಂದು ಗಾದೆಯನ್ನು ಪೂರ್ತಿಯಾಗಿ ನಂಬಿಬಿಟ್ಟರೆ ನಮ್ಮ ಜ್ಞಾನಸ್ನಾನಕ್ಕೂ ಪಾಪನಿವೇದನೆಗೂ ತಪಸ್ಸುಕಾಲಕ್ಕೂ ಅರ್ಥವೇ ಉಳಿಯುವುದಿಲ್ಲ. ಮನುಷ್ಯ ಬದಲಾಗಬಲ್ಲ ಎಂಬುದು ಶುಭಸಂದೇಶದ ಮೊದಲ ಕರೆಯಲ್ಲೇ ಅಡಗಿರುವ ನಂಬಿಕೆ. ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯ, ಮೂರು ಬಾರಿ ಅಲ್ಲಗಳೆದು ಅತ್ತ ಪೇತ್ರ, ಕ್ರೈಸ್ತರನ್ನು ಹಿಡಿಯಲು ಹೊರಟಿದ್ದ ಪೌಲ, ಇವರಲ್ಲಿ ಯಾರೊಬ್ಬರೂ ಇದ್ದಲ್ಲಿಯೇ ಉಳಿಯಲಿಲ್ಲ.

ಆದರೂ ಇನ್ನೊಂದು ಸತ್ಯವನ್ನು ನಾವು ಒಪ್ಪಿಕೊಳ್ಳಬೇಕು. ಹೊಸ ವರ್ಷದ ದಿನ, ವಿಭೂತಿ ಬುಧವಾರದ ದಿನ, ಧ್ಯಾನಕೂಟ ಮುಗಿದ ಸಂಜೆ ನಾವು ಮಾಡುವ ಸಂಕಲ್ಪಗಳು ಎಷ್ಟು ದಿನ ಬಾಳುತ್ತವೆ? ಹೆಚ್ಚಿನವು ಆರಂಭ ಶೂರತ್ವದಲ್ಲೇ ಮುಗಿಯುತ್ತವೆ. ಮನಸ್ಸಿಲ್ಲದೆ ಹೀಗಾಗುತ್ತದೆ ಎನ್ನಲಾಗದು. ಅಂದು ಕಣ್ಣೀರು ಹಾಕಿದ್ದು ನಿಜವೇ. ಹಾಗಾದರೆ ಎಲ್ಲಿ ತಪ್ಪುತ್ತದೆ? ಈ ವಾರ ಇದನ್ನೇ ವಿಚಾರ ಮಾಡೋಣ.

ಸ್ವಭಾವ ಬೇರೆ, ಅಭ್ಯಾಸ ಬೇರೆ

ಮೊದಲು ಎರಡು ಪದಗಳನ್ನು ಬೇರ್ಪಡಿಸೋಣ. ಒಬ್ಬನಿಗೆ ಬೇಗ ರಕ್ತ ಬಿಸಿಯಾಗುತ್ತದೆ. ಇನ್ನೊಬ್ಬನದು ತಣ್ಣಗಿನ ಜೀವ. ಇದು ಸ್ವಭಾವ, ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಆದರೆ ರಕ್ತ ಬಿಸಿಯಾದಾಗ ಮಗುವಿನ ಕೆನ್ನೆಗೆ ಹೊಡೆಯುವುದು ಹುಟ್ಟಿನಿಂದ ಬಂದದ್ದಲ್ಲ. ಅದು ಅಭ್ಯಾಸ. ಒಂದು ಸಲ ಹೊಡೆದ ಕೈ ಎರಡನೆಯ ಸಲ ಸುಲಭವಾಗಿ ಮೇಲೇಳುತ್ತದೆ. ಹತ್ತನೆಯ ಸಲ ಯೋಚನೆಗೆ ಮೊದಲೇ ಏಳುತ್ತದೆ.

13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತಿಯೊಲಾಜಿಯಾ' ಗ್ರಂಥದಲ್ಲಿ ಅಭ್ಯಾಸಗಳ ಬಗ್ಗೆ ಹಲವು ಪ್ರಶ್ನೆಗಳನ್ನು ಸಾಲಾಗಿ ಚರ್ಚಿಸಿದ್ದಾರೆ. ಒಂದೇ ಒಂದು ಕ್ರಿಯೆಯಿಂದ ಅಭ್ಯಾಸ ಹುಟ್ಟಬಲ್ಲುದೇ ಎಂಬುದು ಅವುಗಳಲ್ಲೊಂದು. ಸದ್ಗುಣಗಳ ವಿಷಯದಲ್ಲಿ ಅದು ಆಗದು, ಅನೇಕ ಕ್ರಿಯೆಗಳು ಬೇಕು ಎಂದು ಅವರು ಉತ್ತರಿಸುತ್ತಾರೆ. ಬೆಂಕಿ ಸೌದೆಯನ್ನು ಒಮ್ಮೆಗೇ ಆವರಿಸುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಹಿಡಿಯುತ್ತದೆ ಎಂಬ ಉದಾಹರಣೆಯನ್ನೂ ಕೊಡುತ್ತಾರೆ. ಹಸಿ ಸೌದೆ ಒಲೆಗಿಟ್ಟ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಅಭ್ಯಾಸವನ್ನು ಬಳಸುವುದಿಲ್ಲವೋ ಅದು ಕ್ರಮೇಣ ಸೊರಗುತ್ತದೆ ಎಂದೂ ಅವರು ಹೇಳುತ್ತಾರೆ.

ಇದರಿಂದ ನಮಗೆ ಒಂದು ಸಮಾಧಾನ, ಒಂದು ಎಚ್ಚರಿಕೆ ಎರಡೂ ಸಿಗುತ್ತವೆ. ಕ್ರಿಯೆಗಳಿಂದ ಕಟ್ಟಿದ್ದನ್ನು ಕ್ರಿಯೆಗಳಿಂದಲೇ ಬಿಚ್ಚಬಹುದು ಎಂಬುದು ಸಮಾಧಾನ. ಇಪ್ಪತ್ತು ವರ್ಷ ಕಟ್ಟಿದ್ದನ್ನು ಒಂದು ರಾತ್ರಿಯ ಕಣ್ಣೀರು ಬಿಚ್ಚಲಾರದು ಎಂಬುದು ಎಚ್ಚರಿಕೆ.

ನೀರು ಒಂದೇ ನಾಲೆಯಲ್ಲಿ ಹರಿಯಲಿ

ನಮ್ಮ ಸಂಕಲ್ಪಗಳು ಸೋಲಲು ಮೊದಲ ಕಾರಣ ಅವುಗಳ ಸಂಖ್ಯೆ. ತಪಸ್ಸುಕಾಲ ಬಂತೆಂದರೆ ಕುಡಿಯುವುದಿಲ್ಲ, ಬೈಯುವುದಿಲ್ಲ, ಪ್ರತಿದಿನ ಪೂಜೆಗೆ ಬರುತ್ತೇನೆ, ಜಪಸರ ತಪ್ಪಿಸುವುದಿಲ್ಲ, ಸಾಲ ತೀರಿಸುತ್ತೇನೆ, ತಮ್ಮನೊಡನೆ ರಾಜಿಯಾಗುತ್ತೇನೆ ಎಂದು ಎಲ್ಲವನ್ನೂ ಒಮ್ಮೆಗೇ ಹೊರುತ್ತೇವೆ. ಎರಡನೆಯ ವಾರದಲ್ಲಿ ಒಂದು ಜಾರುತ್ತದೆ, ಅದರ ಹಿಂದೆಯೇ ಉಳಿದವೂ ಜಾರುತ್ತವೆ.

ಹೊಳೆನರಸೀಪುರ ಸೀಮೆಯವರಿಗೆ ಹೇಮಾವತಿಯ ನೀರಿನ ಕಥೆ ಗೊತ್ತು. ಹೊಳೆ ತುಂಬಿ ಹರಿದ ಮಾತ್ರಕ್ಕೆ ಯಾರ ಗದ್ದೆಯೂ ನಾಟಿಯಾಗುವುದಿಲ್ಲ. ಹಿಂದಿನವರು ಶ್ರೀರಾಮದೇವರ ಅಣೆಕಟ್ಟನ್ನು ಕಟ್ಟಿ ನೀರನ್ನು ನಾಲೆಗೆ ತಿರುಗಿಸಿದ ಮೇಲೆಯೇ ಅದು ಬೆಳೆಯಾಯಿತು. ನಾಲೆಯ ನೀರನ್ನೂ ಎಲ್ಲ ತೂಬುಗಳಿಗೆ ಒಟ್ಟಿಗೆ ಬಿಟ್ಟರೆ ಕೊನೆಯ ಗದ್ದೆಗೆ ತಲುಪುವುದಿಲ್ಲ. ಅದಕ್ಕೇ ಸರದಿಯ ಪ್ರಕಾರ ಬಿಡುತ್ತಾರೆ. ನಮ್ಮ ಮನೋಬಲವೂ ಹಾಗೆಯೇ. ಅದು ಎಷ್ಟೋ ಇದೆ, ಆದರೆ ಆರು ತೂಬುಗಳಿಗೆ ಹಂಚಿದರೆ ಯಾವುದಕ್ಕೂ ಸಾಲದು.

ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ತಮ್ಮನ್ನು ಓಟಗಾರನಿಗೆ ಹೋಲಿಸಿಕೊಳ್ಳುತ್ತಾರೆ. ಹಿಂದಿನದನ್ನು ಮರೆತು ಮುಂದಿರುವ ಗುರಿಯತ್ತ ಓಡುವ ಆ ಕೆಲಸವನ್ನು ಅವರು 'ಒಂದು' ಎಂದು ಎಣಿಸುತ್ತಾರೆ, ಹತ್ತು ಎಂದಲ್ಲ. ಆ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ.

ಒಂದನ್ನೇ ಹಿಡಿದರೆ ಉಳಿದ ದೋಷಗಳ ಗತಿಯೇನು ಎಂದು ಕೆಲವರು ಕೇಳಬಹುದು. ಉಳಿದವು ಪಾಪವಲ್ಲ ಎಂದು ನಾವು ಹೇಳುತ್ತಿಲ್ಲ. ಎಲ್ಲವನ್ನೂ ದೇವರ ಮುಂದೆ ಒಪ್ಪಿಕೊಳ್ಳಬೇಕು, ಎಲ್ಲಕ್ಕೂ ಪಶ್ಚಾತ್ತಾಪ ಪಡಬೇಕು. ಆದರೆ ಕೆಲಸ ಮಾಡುವಾಗ ಒಂದರಿಂದ ಆರಂಭಿಸಬೇಕು. ರಾಗಿ ಹೊಲದ ಕಳೆ ಕೀಳಲು ಇಳಿದವರು ಹೊಲವನ್ನೆಲ್ಲ ಒಮ್ಮೆಗೇ ಕೀಳುವುದಿಲ್ಲ, ಒಂದು ಸಾಲು ಹಿಡಿದು ಮುಗಿಸುತ್ತಾರೆ. ಸಾಮಾನ್ಯವಾಗಿ ಒಂದು ದೊಡ್ಡ ದೋಷ ಬುಡಸಮೇತ ಬಂದರೆ ಅದರ ಬೇರಿಗೆ ಹೆಣೆದುಕೊಂಡ ನಾಲ್ಕು ಸಣ್ಣವೂ ಬರುತ್ತವೆ. ಕುಡಿತ ನಿಂತ ಮನೆಯಲ್ಲಿ ಸುಳ್ಳು, ಸಾಲ, ಬೈಗುಳ ತಾವಾಗಿಯೇ ಕಡಿಮೆಯಾಗುವುದನ್ನು ನೀವೂ ಕಂಡಿರಬಹುದು.

ಜಕ್ಕಾಯನ ಲೆಕ್ಕ

ಸಂಕಲ್ಪ ಸೋಲಲು ಎರಡನೆಯ ಕಾರಣ ಅದರ ಅಸ್ಪಷ್ಟತೆ. "ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ" ಎಂಬುದು ಆಸೆ. ಅದು ಇನ್ನೂ ಸಂಕಲ್ಪವಾಗಿಲ್ಲ. ಅದನ್ನು ಮುರಿದದ್ದು ಯಾವಾಗ, ಉಳಿಸಿಕೊಂಡದ್ದು ಯಾವಾಗ ಎಂದು ಹೇಳಲಿಕ್ಕೇ ಬರುವುದಿಲ್ಲ.

ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೇಸುಸ್ವಾಮಿ ಮನೆಗೆ ಬಂದಾಗ ಅವನು "ನಾನು ಬದಲಾಗುತ್ತೇನೆ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸು ಎಂದು ಲೆಕ್ಕ ಸಮೇತ ಹೇಳಿದ. ಸುಂಕದವನಿಗೆ ಲೆಕ್ಕ ಗೊತ್ತಿತ್ತು. ಇಷ್ಟು ದಿನ ಅನ್ಯಾಯಕ್ಕೆ ಬಳಸಿದ ಲೆಕ್ಕವನ್ನು ಈಗ ಪರಿಹಾರಕ್ಕೆ ಬಳಸಿದ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂಬ ಸಾಮತಿಯನ್ನೂ ಅದೇ ಲೂಕನ 14ನೆಯ ಅಧ್ಯಾಯದಲ್ಲಿ ಕಾಣುತ್ತೇವೆ.

ನಮ್ಮ ಸಂಕಲ್ಪವೂ ಎಣಿಸಲು ಬರುವಂತಿರಬೇಕು. "ಕೋಪ ಮಾಡಿಕೊಳ್ಳುವುದಿಲ್ಲ" ಎನ್ನುವ ಬದಲು "ಮಕ್ಕಳ ಮೇಲೆ ಕೈ ಎತ್ತುವುದಿಲ್ಲ" ಎನ್ನಿ. "ಹೆಚ್ಚು ಪ್ರಾರ್ಥಿಸುತ್ತೇನೆ" ಎನ್ನುವ ಬದಲು "ರಾತ್ರಿ ಊಟಕ್ಕೆ ಕೂರುವ ಮೊದಲು ಮನೆಯವರೆಲ್ಲ ಸೇರಿ ಜಪಸರದ ಒಂದು ಹತ್ತು ಹೇಳುತ್ತೇವೆ" ಎನ್ನಿ. "ಮೊಬೈಲ್ ಕಡಿಮೆ ನೋಡುತ್ತೇನೆ" ಎನ್ನುವ ಬದಲು "ರಾತ್ರಿ ಒಂಬತ್ತಕ್ಕೆ ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಬೆಳಿಗ್ಗೆಯವರೆಗೆ ಮುಟ್ಟುವುದಿಲ್ಲ" ಎನ್ನಿ.

ಗುರಿಯ ಜೊತೆಗೆ ಸಂದರ್ಭವನ್ನೂ ಮೊದಲೇ ಗುರುತಿಸುವುದು ಒಳ್ಳೆಯದು. ಎಲ್ಲಿ, ಯಾವಾಗ, ಹೇಗೆ ಎಂದು ಮುಂಚೆಯೇ ನಿಶ್ಚಯಿಸಿಕೊಂಡವರು ಬರೀ ಉದ್ದೇಶವಿದ್ದವರಿಗಿಂತ ಹೆಚ್ಚು ಸಲ ಗುರಿ ಮುಟ್ಟುತ್ತಾರೆ ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಸಂಶೋಧನೆಗಳಿಂದ ತೋರಿಸಿದರು. "ಹೀಗಾದರೆ ಹೀಗೆ ಮಾಡುತ್ತೇನೆ" ಎಂಬುದು ಅದರ ಸೂತ್ರ. ಸಂತೆಯಲ್ಲಿ ಗೆಳೆಯ ಹೆಗಲ ಮೇಲೆ ಕೈಹಾಕಿ ಅಂಗಡಿಯತ್ತ ಎಳೆದರೆ ಏನು ಹೇಳಬೇಕು? ಅದನ್ನು ಸಂತೆಯಲ್ಲಿ ಯೋಚಿಸಿದರೆ ತಡವಾಯಿತು. "ಬೇಡಪ್ಪ, ಬಸ್ಸಿಗೆ ಹೊತ್ತಾಯ್ತು" ಎಂಬ ಮಾತನ್ನು ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೋಗಬೇಕು. ತಪ್ಪಿಹೋದ ಮಗನೂ ಹಂದಿ ಕಾಯುತ್ತಿದ್ದಲ್ಲಿಯೇ ತಂದೆಗೆ ಹೇಳಬೇಕಾದ ಮಾತನ್ನು ಸಿದ್ಧಪಡಿಸಿಕೊಂಡು ಎದ್ದನಲ್ಲವೇ?

ಸಂತ ಇಗ್ನೇಷಿಯಸರ ಗೆರೆಗಳು

ಒಂದೇ ಗುರಿ ಹಿಡಿದು ದಿನದಿನವೂ ಲೆಕ್ಕವಿಡುವ ಕ್ರಮ ನಮ್ಮ ಧರ್ಮಸಭೆಗೆ ಹೊಸದಲ್ಲ. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಗುಂಡು ತಾಗಿ ಕಾಲು ಮುರಿದುಕೊಂಡ ಸ್ಪೇನಿನ ಯೋಧ ಇಗ್ನೇಷಿಯಸ್ ಲೊಯೋಲ ಹಾಸಿಗೆಯಲ್ಲಿ ಮಲಗಿದ್ದಾಗ ಮನಃಪರಿವರ್ತನೆ ಹೊಂದಿದರು. ಮುಂದೆ ಅವರು ರಚಿಸಿದ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕಿರುಹೊತ್ತಗೆಗೆ 1548ರಲ್ಲಿ ಮೂರನೆಯ ಪೌಲ್ ಪೋಪರು ಅನುಮೋದನೆ ಕೊಟ್ಟರು. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಸೇವೆ ಮಾಡಿದ ಲಿಯೋನಾರ್ಡೊ ಚಿನ್ನಾಮಿಯವರಂತಹ ಯೇಸುಸಭೆಯ ಗುರುಗಳು ಇದೇ ಸಾಧನೆಯಲ್ಲಿ ಪಳಗಿದವರು.

ಆ ಹೊತ್ತಗೆಯ ಆರಂಭದಲ್ಲೇ 'ವಿಶೇಷ ಆತ್ಮಶೋಧನೆ' ಎಂಬ ಅಭ್ಯಾಸವಿದೆ. ವಿಶೇಷ ಎಂದರೆ ಎಲ್ಲ ಪಾಪಗಳದ್ದಲ್ಲ, ಆರಿಸಿಕೊಂಡ ಒಂದೇ ದೋಷದ್ದು. ಅದಕ್ಕೆ ದಿನದಲ್ಲಿ ಮೂರು ಹೊತ್ತುಗಳು. ಬೆಳಿಗ್ಗೆ ಎದ್ದಕೂಡಲೇ ಆ ಒಂದು ದೋಷದಿಂದ ಇಂದು ಎಚ್ಚರವಾಗಿರುತ್ತೇನೆ ಎಂದು ನಿಶ್ಚಯಿಸುವುದು. ಮಧ್ಯಾಹ್ನದ ಊಟದ ನಂತರ, ಎದ್ದಾಗಿನಿಂದ ಆ ಹೊತ್ತಿನವರೆಗೆ ಎಷ್ಟು ಸಲ ಬಿದ್ದೆ ಎಂದು ಗಂಟೆ ಗಂಟೆಯಾಗಿ ಎಣಿಸಿ ಮತ್ತೆ ನಿಶ್ಚಯಿಸುವುದು. ರಾತ್ರಿ ಊಟದ ಮೇಲೆ ಎರಡನೆಯ ಲೆಕ್ಕ.

ಲೆಕ್ಕ ಬರೆಯಲು ಅವರು ವಾರದ ಏಳು ದಿನಗಳಿಗೂ ಗೆರೆಗಳನ್ನು ಎಳೆಯುತ್ತಾರೆ. ದಿನಕ್ಕೆ ಎರಡು ಗೆರೆ, ಒಂದು ಮಧ್ಯಾಹ್ನಕ್ಕೆ, ಒಂದು ರಾತ್ರಿಗೆ. ಎಷ್ಟು ಸಲ ಬಿದ್ದರೋ ಅಷ್ಟು ಚುಕ್ಕೆ. ಮೇಲಿನ ಗೆರೆಯನ್ನು ಕೆಳಗಿನದರ ಜೊತೆ, ನಿನ್ನೆಯನ್ನು ಇಂದಿನ ಜೊತೆ, ಕಳೆದ ವಾರವನ್ನು ಈ ವಾರದ ಜೊತೆ ಹೋಲಿಸಬೇಕು. ಇನ್ನೊಂದು ಸಣ್ಣ ಉಪಾಯವನ್ನೂ ಸೇರಿಸಿದ್ದಾರೆ. ಬಿದ್ದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲಿ ದುಃಖಪಡುವುದು. ಜನರ ನಡುವೆ ಇದ್ದರೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ತೆಂಗಿನಕಾಯಿ ಸುಲಿಯುವಲ್ಲಿ, ಡೇರಿಯ ಸಾಲಿನಲ್ಲಿ, ಆಫೀಸಿನ ಮೇಜಿನ ಮುಂದೆ, ಎಲ್ಲಿದ್ದರೂ ಸರಿ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಒಂದೇ ವಾರದಲ್ಲಿ ಚುಕ್ಕೆಗಳಿಲ್ಲದ ಗೆರೆ ಬೇಕೆಂದು ಸಂತರು ಕೇಳುವುದಿಲ್ಲ. ಚುಕ್ಕೆಗಳು ಕಡಿಮೆಯಾಗುತ್ತಿವೆಯೇ ಎಂದು ನೋಡಲು ಹೇಳುತ್ತಾರೆ. ಸೋಮವಾರ ಎಂಟು ಸಲ ಬೈದವಳು ಶನಿವಾರ ಐದು ಸಲ ಬೈದರೆ ಸೋತವಳಲ್ಲ, ದಾರಿಯಲ್ಲಿರುವವಳು. ಲೆಕ್ಕವಿಡದವಳಿಗೆ ಆ ಐದೂ "ಇವತ್ತೂ ಬೈದೆ" ಎಂಬ ನಿರಾಶೆಯಾಗಿ ಕಾಣುತ್ತದೆ. ಲೆಕ್ಕವಿಟ್ಟವಳಿಗೆ ಕಡಿಮೆಯಾದ ಮೂರು ಕಾಣುತ್ತದೆ.

ಮೂರು ತಿಂಗಳ ಪ್ರತಿಜ್ಞೆ

ಈಗ ನಮ್ಮ ಅನೇಕ ಕುಟುಂಬಗಳನ್ನು ಸುಡುತ್ತಿರುವ ವಿಷಯಕ್ಕೆ ಬರೋಣ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1856ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಮ್ಯಾಟ್ ಟಾಲ್ಬಟ್ ಹುಡುಗನಾಗಿದ್ದಾಗಲೇ ಮದ್ಯದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. ಬಂದ ಕೂಲಿಯೆಲ್ಲ ಪಡಖಾನೆಗೇ ಹೋಗುತ್ತಿತ್ತು. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಪಡಖಾನೆಯ ಹೊರಗೆ ನಿಂತರು. ತಾವು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಒಬ್ಬೊಬ್ಬರಾಗಿ ಹಾದುಹೋದರು, ಯಾರೂ ಒಳಗೆ ಕರೆಯಲಿಲ್ಲ. ಅಂದೇ ಮನೆಗೆ ಹೋಗಿ, ತಾಯಿಗೆ ತಿಳಿಸಿ, ಗುರುಗಳ ಬಳಿ ಪಾಪನಿವೇದನೆ ಮಾಡಿ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು.

ಆ ಪ್ರತಿಜ್ಞೆ ಜೀವಮಾನಕ್ಕಲ್ಲ, ಮೂರು ತಿಂಗಳಿಗೆ! ಅದು ಮುಗಿದ ಮೇಲೆ ಆರು ತಿಂಗಳಿಗೆ, ಆಮೇಲೆ ಜೀವಮಾನಕ್ಕೆ. ಮುಂದಿನ ನಲವತ್ತು ವರ್ಷ ಅವರು ಕುಡಿಯಲಿಲ್ಲ. ಮೊದಲ ತಿಂಗಳುಗಳಲ್ಲಿ ಪಟ್ಟ ಯಾತನೆ ಕಡಿಮೆಯದಲ್ಲ. ಪ್ರತಿದಿನ ಮುಂಜಾನೆ ಪೂಜೆಗೆ ಹೋದರು. ಪಡಖಾನೆಯ ಮುಂದೆ ಹಾದುಹೋಗುವಾಗ ಮನಸ್ಸು ಸೋಲಬಾರದೆಂದು ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಹಳೆಯ ಸಾಲಗಳನ್ನು ತೀರಿಸಿದರು. 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಂಡರು. 1975ರಲ್ಲಿ ಆರನೆಯ ಪೌಲ್ ಪೋಪರು ಈ ಕೂಲಿಕಾರನನ್ನು 'ಪೂಜ್ಯ'ರೆಂದು ಘೋಷಿಸಿದರು.

ಮೊದಲು ದಾಟಬಲ್ಲಷ್ಟು ದೂರ ಗೊತ್ತುಮಾಡು, ಅದನ್ನು ದಾಟಿದ ಮೇಲೆ ಮುಂದಿನದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರೂ ರಸ್ತೆಬದಿಗೆ ಆಲದ ಸಸಿ ನೆಟ್ಟಿದ್ದು ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಬಲ್ಲಷ್ಟನ್ನೇ ನೆಟ್ಟರು. ಅದಕ್ಕೇ ಅವು ಮರಗಳಾದವು.

ನಮ್ಮ ನಾಡಿನ ಅನುಭವವೂ ಪಾಠ ಕಲಿಸುತ್ತದೆ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆದರೆ ಸಾರಾಯಿ ಹೋದ ಊರಿಗೆ ಅಗ್ಗದ ವಿಸ್ಕಿ, ರಮ್ಮು ಬಂದವು. ಹೊರಗಿನ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಒಳಗಿನ ದಾಹ ಆರಲಿಲ್ಲ. ಇನ್ನೊಂದೆಡೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ನಾನಾ ತಾಲ್ಲೂಕುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿದ್ದಾರೆ. ಶಿಬಿರ ಸುಮಾರು ಎಂಟು ದಿನಗಳದ್ದು. ಕುಡಿತ ಬಿಟ್ಟವರು ಅಷ್ಟಕ್ಕೇ ಬಿಡುಗಡೆಯಾಗುವುದಿಲ್ಲ. ಊರಿಗೆ ಮರಳಿದ ಮೇಲೆ 'ನವಜೀವನ ಸಮಿತಿ'ಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ನಮ್ಮ ಧರ್ಮದವರದಲ್ಲದಿದ್ದರೂ ಈ ಕೆಲಸದಿಂದ ನಾವು ಕಲಿಯುವುದಿದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದವರೂ ಗುರಿಯನ್ನು ಒಂದು ದಿನಕ್ಕೆ ಇಳಿಸುತ್ತಾರೆ: ಇವತ್ತು ಮಾತ್ರ ಕುಡಿಯುವುದಿಲ್ಲ, ನಾಳೆಯದು ನಾಳೆಗೆ. ಆ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿದ್ದ ಸಿಸ್ಟರ್ ಇಗ್ನೇಷಿಯಾ ಮನೆಗೆ ಹೊರಟ ಪ್ರತಿ ರೋಗಿಗೂ ಯೇಸುವಿನ ಪವಿತ್ರ ಹೃದಯದ ಪದಕವೊಂದನ್ನು ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಕುಡಿಯುವ ಮೊದಲು ಅದನ್ನು ತಂದು ತಮಗೆ ಹಿಂದಿರುಗಿಸಬೇಕು, ಇದು ಷರತ್ತು. ಒಬ್ಬರ ಮುಖ ನೋಡಿ ಲೆಕ್ಕ ಒಪ್ಪಿಸಬೇಕೆಂಬ ನೆನಪೇ ಎಷ್ಟೋ ಜನರನ್ನು ತಡೆದಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಹಳ ವರ್ಷ ದಿನವೂ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ವೈದ್ಯರ ನೆರವಿನಿಂದಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಔಷಧ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ.

ಗುಡಿಸಿದ ಮನೆ ಬರಿದಾಗಿರಬಾರದು

ಲೂಕನ 11ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ವಿಚಿತ್ರ ಮಾತು ಹೇಳುತ್ತಾರೆ. ದೆವ್ವ ಬಿಟ್ಟುಹೋದ ಮನೆ ಗುಡಿಸಿ ಓರಣವಾಗಿದ್ದರೂ ಅದು ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಮರಳಿ ಬರುತ್ತದೆ. ಮತ್ತಾಯನು ಇದೇ ಮಾತನ್ನು ಬರೆಯುವಾಗ ಮನೆ ಬರಿದಾಗಿತ್ತು ಎಂದೂ ಸೇರಿಸುತ್ತಾನೆ.

ಸಂಜೆ ಆರಕ್ಕೆ ಅಂಗಡಿಗೆ ಹೋಗುತ್ತಿದ್ದವನು ಅದನ್ನು ಬಿಟ್ಟರೆ ಆ ಸಂಜೆ ಆರು ಗಂಟೆಗೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಗರಿಕೆ ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಮತ್ತೆ ಗರಿಕೆಯೇ ಬರುತ್ತದೆ. ಆದ್ದರಿಂದ ಬಿಡುವ ಪ್ರತಿಯೊಂದರ ಜಾಗದಲ್ಲಿ ಹಿಡಿಯುವುದೊಂದನ್ನು ಗೊತ್ತುಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯುವುದು ತನ್ನ ಕೆಲಸವೆಂದು ಗಂಡ ಒಪ್ಪಿಕೊಳ್ಳಲಿ. ಮಗಳಿಗೆ ಲೆಕ್ಕ ಹೇಳಿಕೊಡಲಿ. ಮೊಬೈಲು ಗೂಡಿಗೆ ಹೋದ ಹೊತ್ತಿನಲ್ಲಿ ಅಜ್ಜಿಯ ಪಕ್ಕ ಕೂತು ಮಾತಾಡಲಿ. ಬೈಗುಳ ಬರುವ ಬಾಯಲ್ಲಿ ಮಗುವಿನ ಹೆಸರು ಮೆಲ್ಲಗೆ ಬರಲಿ.

ಪಾಸ್ಕಹಬ್ಬದ ನಂತರ?

ಎಷ್ಟು ದಿನ ಹೀಗೆ ಎಚ್ಚರವಾಗಿರಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರತಿಯೊಬ್ಬರೂ ಒಂದೇ ಒಂದು ಒಳ್ಳೆಯ ಅಭ್ಯಾಸವನ್ನು ಆರಿಸಿಕೊಂಡು ದಿನವೂ ಒಂದೇ ಸಂದರ್ಭದಲ್ಲಿ ಮಾಡಬೇಕಿತ್ತು. ಅದು ತಾನಾಗಿಯೇ ಆಗುವಷ್ಟು ಬೇರೂರಲು ಸುಮಾರು 66 ದಿನ ಬೇಕಾದವು ಎಂದು ಕಂಡುಬಂತು. ಆದರೆ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದೆಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಒಟ್ಟು ಬೆಳವಣಿಗೆಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ.

ಈಗ ನಮ್ಮ ಪಂಚಾಂಗ ನೋಡಿ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಭಾನುವಾರಗಳೂ ಸೇರಿ 46 ದಿನ. ಅನೇಕರು ತಪಸ್ಸುಕಾಲದಲ್ಲಿ ಬಿಟ್ಟದ್ದನ್ನು ಪಾಸ್ಕಹಬ್ಬದ ಮಧ್ಯಾಹ್ನದ ಊಟದ ಜೊತೆಗೇ ಮತ್ತೆ ಹಿಡಿಯುತ್ತಾರೆ. ಇನ್ನೇನು ಬೇರು ಬಿಡಬೇಕೆನ್ನುವ ಸಸಿಯನ್ನು ಕಿತ್ತು ನೋಡಿದ ಹಾಗಾಯಿತು! ಪಾಸ್ಕಕಾಲವನ್ನೂ ಸೇರಿಸಿ ಪವಿತ್ರಾತ್ಮರ ಹಬ್ಬದವರೆಗೆ ಮುಂದುವರಿಸಿದರೆ 96 ದಿನಗಳಾಗುತ್ತವೆ. ಧರ್ಮಸಭೆಯ ಕಾಲಚಕ್ರದಲ್ಲೇ ಹೊಸ ಅಭ್ಯಾಸಕ್ಕೆ ಬೇಕಾದಷ್ಟು ಕಾಲವಿದೆ.

ನಡುವೆ ಬಿದ್ದರೆ? ಬಿದ್ದ ಮೇಲೆ "ಹೇಗಿದ್ದರೂ ಮುರಿಯಿತು, ಇನ್ನೇಕೆ" ಎಂಬ ಯೋಚನೆ ಬರುತ್ತದೆ. ಆ ಯೋಚನೆಯೇ ಬಿದ್ದದ್ದಕ್ಕಿಂತ ಅಪಾಯಕಾರಿ. ಒಂದು ದಿನ ತಪ್ಪಿದ್ದು ಒಂದು ಚುಕ್ಕೆ, ಅಷ್ಟೇ. ಮರುದಿನದ ಗೆರೆ ಖಾಲಿಯಿದೆ. ಎರಡನೆಯ ದಿನವೂ ತಪ್ಪದಂತೆ ನೋಡಿಕೊಳ್ಳುವುದೇ ಅಂದಿನ ಗುರಿ.

ಮನೆಯವರ ನಾಲಿಗೆ

ಒಬ್ಬನ ಬದಲಾವಣೆ ಅವನೊಬ್ಬನಿಂದ ಆಗುವುದಲ್ಲ. ಹತ್ತು ದಿನ ಕುಡಿಯದೆ ಸಂಜೆ ನೇರ ಮನೆಗೆ ಬಂದವನಿಗೆ "ನಾಯಿ ಬಾಲ ಡೊಂಕು, ನೋಡ್ತೀನಿ ಎಷ್ಟು ದಿನ ಅಂತ" ಎಂಬ ಸ್ವಾಗತ ಸಿಕ್ಕಿದರೆ ಹನ್ನೊಂದನೆಯ ದಿನ ಅವನ ಕಾಲು ಎತ್ತ ಹೋದೀತು? ಹೆಂಡತಿಯ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಹತ್ತು ವರ್ಷ ಮಾತು ಮುರಿದವನನ್ನು ಹತ್ತು ದಿನದಲ್ಲಿ ನಂಬು ಎಂದು ಅವಳನ್ನು ಒತ್ತಾಯಿಸುವುದೂ ನ್ಯಾಯವಲ್ಲ. ನಂಬಿಕೆ ಮೆಲ್ಲಗೆ ಮರಳಲಿ. ಆದರೆ "ಇವತ್ತು ಬೇಗ ಬಂದ್ರಲ್ಲ, ಕಾಫಿ ಕುಡೀತೀರಾ?" ಎಂಬ ಒಂದು ಮಾತು ಸಾಕು. ಅದು ಹೊಗಳಿಕೆಯೂ ಅಲ್ಲ, ಕುಟುಕೂ ಅಲ್ಲ. ಅವನು ಮಾಡಿದ್ದನ್ನು ಕಂಡೆ ಎಂದು ತಿಳಿಸುತ್ತದೆ.

ಹಾಗೆಯೇ ಗಂಡನ ಸಂಕಲ್ಪದ ಹೊರೆಯೆಲ್ಲ ಹೆಂಡತಿಯ ತಲೆಯ ಮೇಲೆ ಬೀಳಬಾರದು. ಹೊಡೆತ, ಬೈಗುಳ ಇರುವ ಮನೆಯಲ್ಲಿ ತಾಳ್ಮೆಯ ಹೆಸರಿನಲ್ಲಿ ಎಲ್ಲವನ್ನೂ ಸಹಿಸಿಕೊಂಡಿರು ಎಂದು ಧರ್ಮಸಭೆ ಯಾವ ತಾಯಿಗೂ ಹೇಳುವುದಿಲ್ಲ. ಅಂಥವರು ಹಿರಿಯರ, ಗುರುಗಳ, ಬೇಕಾದರೆ ಕಾನೂನಿನ ನೆರವು ಪಡೆಯಲಿ. ಲೆಕ್ಕ ಕೇಳುವ ಸಾಕ್ಷಿಯಾಗಿ ಕುಟುಂಬದ ಹೊರಗಿನ ಒಬ್ಬರನ್ನು, ಒಬ್ಬ ಗೆಳೆಯನನ್ನೋ ನೆರೆಯ ಹಿರಿಯರನ್ನೋ, ಆರಿಸಿಕೊಳ್ಳುವುದು ಉತ್ತಮ.

ನಮ್ಮ ಪ್ರಯತ್ನ, ದೇವರ ಕೃಪೆ

ಇಷ್ಟೆಲ್ಲ ಲೆಕ್ಕ, ಗೆರೆ, ಗುರಿ ಎಂದ ಮೇಲೆ ದೇವರಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಕೃಪೆಯಿಲ್ಲದೆ ನಮ್ಮ ಪ್ರಯತ್ನ ನಿಲ್ಲದು. ಆದರೆ ಕೃಪೆ ನಮ್ಮ ಪ್ರಯತ್ನವನ್ನು ರದ್ದುಮಾಡುವುದೂ ಇಲ್ಲ. ಮಳೆ ದೇವರದು, ಬದು ಕಟ್ಟುವುದು ರೈತನದು. ಬದುವಿಲ್ಲದ ಹೊಲದಲ್ಲಿ ಸುರಿದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ.

1551ರಲ್ಲಿ ಟ್ರೆಂಟ್ ಮಹಾಸಭೆ ನಿಜವಾದ ಪಶ್ಚಾತ್ತಾಪದಲ್ಲಿ ಪಾಪದ ಬಗ್ಗೆ ದುಃಖದ ಜೊತೆಗೆ ಮುಂದೆ ಪಾಪ ಮಾಡಬಾರದೆಂಬ ನಿಶ್ಚಯವೂ ಸೇರಿರಬೇಕೆಂದು ಬೋಧಿಸಿತು. ಪ್ರತಿ ಪಾಪನಿವೇದನೆಯಲ್ಲೂ ನಾವು ಆ ನಿಶ್ಚಯವನ್ನು ಬಾಯಲ್ಲಿ ಹೇಳುತ್ತೇವೆ. ಮುಂದಿನ ಸಲ ಆ ಮಾತು ಹೇಳುವಾಗ ಒಂದೇ ಒಂದು ದೋಷದ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ತಿಂಗಳು ಮತ್ತೆ ಬಂದು ಅದೇ ಒಂದರ ಲೆಕ್ಕ ಒಪ್ಪಿಸಿ. ಬಿದ್ದಿದ್ದರೂ ಬನ್ನಿ. ಆ ಸಂಸ್ಕಾರವಿರುವುದೇ ಬಿದ್ದವರಿಗಾಗಿ.

ಈ ವಾರ ಮನೆಯಲ್ಲಿ

1. ಒಂದು ಸಂಜೆ ಎಲ್ಲರೂ ಕುಳಿತು ಲೂಕ 19ನೆಯ ಅಧ್ಯಾಯದ ಜಕ್ಕಾಯನ ಪ್ರಸಂಗವನ್ನು ಓದಿ.

2. ಪ್ರತಿಯೊಬ್ಬರೂ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಿ. ಇನ್ನೊಬ್ಬರಿಗಾಗಿ ಯಾರೂ ಆರಿಸಬಾರದು. ಅದು ಎಣಿಸಲು ಬರುವಂತಿರಲಿ. ಎಲ್ಲಿ, ಎಷ್ಟು ಹೊತ್ತಿಗೆ, ಅದರ ಬದಲಿಗೆ ಏನು ಎಂಬುದೂ ಗೊತ್ತಾಗಲಿ.

3. ಮೊದಲ ಅವಧಿ ಚಿಕ್ಕದಿರಲಿ. ಕೆಲವರಿಗೆ ಒಂದು ವಾರ, ಕೆಲವರಿಗೆ ಒಂದು ದಿನವೇ ಸಾಕು.

4. ಕ್ಯಾಲೆಂಡರಿನ ಮೇಲೆ ರಾತ್ರಿ ಚುಕ್ಕೆ ಇಡಿ. ನಿಮ್ಮ ಗುರುತು ನಿಮಗೆ ಮಾತ್ರ ತಿಳಿದರೆ ಸಾಕು.

5. ಭಾನುವಾರದ ಪೂಜೆಯ ಕಾಣಿಕೆಯ ಹೊತ್ತಿನಲ್ಲಿ ಆ ವಾರದ ಚುಕ್ಕೆಗಳನ್ನೂ ರೊಟ್ಟಿ, ದ್ರಾಕ್ಷಾರಸಗಳ ಜೊತೆಗೆ ಮನಸ್ಸಿನಲ್ಲೇ ಪೀಠಕ್ಕೆ ಅರ್ಪಿಸಿ.

ಚರ್ಚೆಗೆ: ನಮ್ಮ ಮನೆಯಲ್ಲಿ ಯಾರ ಬಗ್ಗೆ "ಹುಟ್ಟುಗುಣ ಸುಟ್ಟರೂ ಹೋಗದು" ಎಂದು ನಾವು ತೀರ್ಪು ಕೊಟ್ಟುಬಿಟ್ಟಿದ್ದೇವೆ? ಅವರು ಬದಲಾಗಲು ಯತ್ನಿಸಿದ ದಿನ ನಾವು ಏನು ಹೇಳಿದೆವು?

ಪ್ರಾರ್ಥನೆ: ಪ್ರಭುವೇ, ಜಕ್ಕಾಯನ ಮನೆಗೆ ಬಂದಂತೆ ನಮ್ಮ ಮನೆಗೂ ಬನ್ನಿ. ಎಲ್ಲವನ್ನೂ ಒಂದೇ ದಿನದಲ್ಲಿ ತಿದ್ದಿಕೊಳ್ಳುವ ಶಕ್ತಿ ನಮಗಿಲ್ಲ. ಇಂದು ಒಂದನ್ನು ತಿದ್ದಿಕೊಳ್ಳಲು ಬೇಕಾದಷ್ಟು ಕೃಪೆಯನ್ನು ಇಂದು ಕೊಡಿ. ಬಿದ್ದಾಗ ಎತ್ತಿ. ಎದ್ದವರನ್ನು ಹೀಗಳೆಯದ ನಾಲಿಗೆಯನ್ನು ನಮಗೆ ಕೊಡಿ. ಆಮೆನ್.